ನೊಣ ಆರೋಗ್ಯವಾಗೇ ಕಾಣುತ್ತಿದೆ, ಮೊಟ್ಟೆ ಮಾತ್ರ ಕಡಿಮೆ. ವೈರಸ್ ಇರಬಹುದಾ?

ಮೊಟ್ಟೆ_ಎಣಿಕೆ (ಪ್ರಶ್ನೆ)

ನಮಸ್ಕಾರ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್ ಹಣ್ಣುನೊಣದ ಮೇಲೆ. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಕೆಂಪು ಕಣ್ಣಿನ ಸಣ್ಣ ನೊಣ ಇದೆಯಲ್ಲ, ಡ್ರೊಸೊಫಿಲಾ ಮೆಲನೊಗ್ಯಾಸ್ಟರ್, ಅದು.

ನನ್ನ ಬಳಿ ಎರಡು ಲೈನ್ ಇವೆ, ಅಂದರೆ ಬೇರೆ ಬೇರೆಯಾಗಿ ಸಾಕಿಕೊಂಡು ಬಂದ ಎರಡು ನೊಣ ವಂಶ. ಎರಡೂ ಒಂದೇ ಹಳೆಯ ಸ್ಟಾಕ್‌ನಿಂದ ಬಂದವು. ಎರಡು ವರ್ಷದ ಹಿಂದೆ ಯಾರೋ ಬೇರೆ ಮಾಡಿ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದಾರೆ. ಎರಡಕ್ಕೂ ಅದೇ ರವೆ-ಬೆಲ್ಲದ ಮೇವು, ಅದೇ ಉಷ್ಣತೆ. ದಿನಾ ಬೆಳಿಗ್ಗೆ ಹೆಣ್ಣು ನೊಣಗಳನ್ನು ಹೊಸ ಸೀಸೆಗೆ ದಾಟಿಸಿ ಹಳೆಯದರಲ್ಲಿ ಮೊಟ್ಟೆ ಎಣಿಸುತ್ತೇನೆ. ಬೆಲ್ಲದ ಕಂದು ಬಣ್ಣದ ಮೇಲೆ ಬಿಳಿ ಮೊಟ್ಟೆ ಚೆನ್ನಾಗಿ ಎದ್ದು ಕಾಣುತ್ತದೆ. ಅರ್ಧ ಮಿಲಿಮೀಟರ್ ಉದ್ದ, ಒಂದು ತುದಿಯಲ್ಲಿ ಮೀಸೆಯಂತೆ ಎರಡು ಎಳೆ. ಆರು ವಾರದಿಂದ ನೋಡುತ್ತಿದ್ದೇನೆ, ಎರಡನೇ ಲೈನ್ ಯಾವಾಗಲೂ ಕಡಿಮೆ ಇಡುತ್ತದೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಪ್ರತಿ ದಿನ.

ನೊಣ ಸಾಯುತ್ತಿಲ್ಲ. ಹಾರುತ್ತವೆ, ತಿನ್ನುತ್ತವೆ, ಕೂಡುತ್ತವೆ. ಸೀನಿಯರ್ ಒಬ್ಬರು "ವೈರಸ್ ಇರಬಹುದು, ಹಳೆಯ ಸ್ಟಾಕ್‌ಗಳಲ್ಲಿ ಇರುತ್ತದೆ" ಎಂದರು. ಆಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ವೈರಸ್ ಇದ್ದರೆ ಕಾಯಿಲೆ ಕಾಣಬೇಕಲ್ವಾ? ಕಾಯಿಲೆಯೇ ಇಲ್ಲದೆ ಫಿಟ್‌ನೆಸ್ (ಮುಂದಿನ ತಲೆಮಾರಿಗೆ ಮರಿ ಉಳಿಸುವ ಶಕ್ತಿ) ಮಾತ್ರ ಇಳಿಯುತ್ತದಾ? ಇನ್ನೊಂದು, ನಷ್ಟ ಮಾಡುವ ವೈರಸ್ ಆದರೆ ಅದನ್ನು ಹೊತ್ತ ನೊಣಗಳು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಾ ಕೊನೆಗೆ ವೈರಸ್ಸೇ ಇಲ್ಲವಾಗಬೇಕಿತ್ತು. ಯಾಕೆ ಉಳಿದಿದೆ? ಗೊತ್ತಿದ್ದವರು ಬಿಡಿಸಿ ಹೇಳಿ, ದಯವಿಟ್ಟು.

ಹಳೇ_ಸೀಸೆ

ಒಳ್ಳೆಯ ಪ್ರಶ್ನೆ. ನಾನು ಹದಿನೈದು ವರ್ಷ ನೊಣ ಸಾಕಿದವನು, ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಬಹಳ ಸೊಗಸಾದ ಉತ್ತರ ಇದೆ.

1937ರಲ್ಲಿ ಫ್ರಾನ್ಸಿನಲ್ಲಿ ಲೆರಿತಿಯೆ ಮತ್ತು ತೆಸಿಯೆ ಎಂಬ ಇಬ್ಬರು ನೊಣಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಮಂಪರು ಬರಿಸುತ್ತಿದ್ದರು. ಎಲ್ಲರೂ ಮಾಡುವ ಕೆಲಸವೇ. ಗಾಳಿಗೆ ಬಿಟ್ಟರೆ ಕೆಲವೇ ನಿಮಿಷದಲ್ಲಿ ನೊಣ ಎದ್ದು ಓಡಾಡಬೇಕು. ಒಂದು ಲೈನಿನ ನೊಣ ಮಾತ್ರ ಏಳಲೇ ಇಲ್ಲ. ಕಾಲು ಸೆಟೆದು ಬಿದ್ದವು ಹಾಗೇ ಸತ್ತವು. ಈ ಗುಣ ತಾಯಿಯಿಂದ ಮರಿಗೆ ಬರುತ್ತಿತ್ತು, ಆದರೆ ಮಾಮೂಲಿ ಜೀನ್ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕೊನೆಗೆ ಅದು ವೈರಸ್ ಎಂದು ತಿಳಿಯಿತು. ಸಿಗ್ಮಾ ವೈರಸ್ ಅಂತ ಹೆಸರು. ಹುಚ್ಚುನಾಯಿ ಕಡಿತದ ರೇಬೀಸ್ ವೈರಸ್ಸಿನ ಕುಟುಂಬದ್ದೇ. ಕಾರ್ಬನ್ ಡೈಆಕ್ಸೈಡ್ ತಗುಲದಿದ್ದರೆ ಆ ನೊಣ ನಿಮ್ಮ ನೊಣದ ಹಾಗೇ ಆರೋಗ್ಯವಾಗಿ ಕಾಣುತ್ತದೆ.

ಸಿಗ್ಮಾ ನೊಣದಿಂದ ನೊಣಕ್ಕೆ ಅಂಟುವುದಿಲ್ಲ. ಮೊಟ್ಟೆಯ ಮೂಲಕ ಅಥವಾ ವೀರ್ಯದ ಮೂಲಕ ಮಾತ್ರ ಮರಿಗೆ ದಾಟುತ್ತದೆ. ಹೊತ್ತ ನೊಣಕ್ಕೆ ನಷ್ಟವೂ ಇದೆ. ಮೊಟ್ಟೆ ಒಡೆದು ಮರಿ ಬರುವುದು ಕಡಿಮೆಯಾಗುತ್ತದೆ. ಲ್ಯಾಬಿನ ಹೊರಗಿನ ನೊಣಗಳಲ್ಲಿ ಒಟ್ಟು ನಷ್ಟ ಸುಮಾರು ಕಾಲು ಭಾಗ ಎಂದು ಅಂದಾಜು ಮಾಡಿದವರಿದ್ದಾರೆ. ಹಾಗಿದ್ದರೆ ಅಳಿಯಬೇಕಿತ್ತು, ಅಲ್ವಾ?

ಈಗ ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಸೋಂಕಿನ ಹೆಣ್ಣು, ಒಂದು ಸೋಂಕಿನ ಗಂಡು. ಎರಡೂ ಬೇರೆ ಬೇರೆ ಕಡೆ ಸೋಂಕಿಲ್ಲದ ಜೊತೆಗಾರರನ್ನು ಕೂಡುತ್ತವೆ. ಪ್ರತಿ ಜೋಡಿಗೆ ಎರಡು ಮರಿ ಉಳಿಯುತ್ತವೆ ಎಂದುಕೊಳ್ಳಿ. ತಾಯಿ ಹೆಚ್ಚುಕಡಿಮೆ ಎಲ್ಲ ಮರಿಗೂ ದಾಟಿಸುತ್ತಾಳೆ, ಅಂದರೆ ಎರಡು. ತಂದೆ ಅರ್ಧದಷ್ಟಕ್ಕೆ ದಾಟಿಸಿದ ಎಂದರೆ ಒಂದು. ಎರಡು ಇದ್ದದ್ದು ಮೂರಾಯಿತು. ಅದರಲ್ಲಿ ಕಾಲು ಭಾಗ ನಷ್ಟ ಕಳೆದರೂ 2.25 ಉಳಿಯುತ್ತದೆ, ಎರಡಕ್ಕಿಂತ ಜಾಸ್ತಿ. ನೊಣಕ್ಕೆ ನಷ್ಟ, ಆದರೂ ವೈರಸ್ ಹರಡುತ್ತದೆ! ತಾಯಿಯಿಂದ ಮಾತ್ರ ದಾಟುವ ಹಾಗಿದ್ದರೆ ಎರಡಕ್ಕೆ ಒಂದೂವರೆ ಆಗಿ ನಿಧಾನಕ್ಕೆ ಅಳಿದು ಹೋಗುತ್ತಿತ್ತು. ಅಪ್ಪನ ಆ ಅರ್ಧವೇ ಅದನ್ನು ಉಳಿಸಿರುವುದು. ಅಪ್ಪನಿಂದ ಬಂದ ವೈರಸ್ ಅದರ ಮುಂದಿನ ತಲೆಮಾರಿಗೆ ಅಷ್ಟು ಚೆನ್ನಾಗಿ ದಾಟುವುದಿಲ್ಲ, ಹಾಗಾಗಿ ನಿಜವಾದ ಬೆಳವಣಿಗೆ ಈ ಲೆಕ್ಕಕ್ಕಿಂತ ಕಡಿಮೆ. ಹೊರಗಿನ ನೊಣಗಳಲ್ಲಿ ಇದು ಸಾಮಾನ್ಯವಾಗಿ ನೂರರಲ್ಲಿ ಕೆಲವಕ್ಕೆ ಮಾತ್ರ ಇರುತ್ತದೆ. ಈ ಲೆಕ್ಕವನ್ನು ಮೊದಲ ಸಲ ಕೈಯಲ್ಲಿ ಮಾಡಿ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ನೊಣವೂ ಸುಮ್ನೆ ಕೂತಿಲ್ಲ. ರೆಫ್-2-ಪಿ ಎಂಬ ಜೀನಿನ ಒಂದು ರೂಪ ಸಿಗ್ಮಾವನ್ನು ತಡೆಯುತ್ತದೆ. ಆದರೆ 1980ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ನೊಣಗಳನ್ನು ಗಮನಿಸುತ್ತಿದ್ದವರ ಕಣ್ಣೆದುರೇ ಆ ತಡೆಯನ್ನು ದಾಟುವ ವೈರಸ್ ರೂಪ ಹಳೆಯದರ ಜಾಗ ಹಿಡಿಯಿತು.

ನಿಮ್ಮ ಲೈನಿನಲ್ಲಿ ಸಿಗ್ಮಾ ಇದೆಯಾ ನೋಡಲು ಅದೇ ಹಳೆಯ ಪರೀಕ್ಷೆ ಸಾಕು. ಸುಮಾರು 12 ಡಿಗ್ರಿ ತಂಪಿನಲ್ಲಿ 15 ನಿಮಿಷ ಕಾರ್ಬನ್ ಡೈಆಕ್ಸೈಡ್ ಕೊಡಿ, ಆಮೇಲೆ ಗಾಳಿಗೆ ಬಿಟ್ಟು ಯಾವುದು ಏಳುತ್ತದೆ ನೋಡಿ.

ಕರುಳಿನ_ಕಡೆಯಿಂದ

ಹಳೇ_ಸೀಸೆ ಅವರ ಲೆಕ್ಕ ತುಂಬಾ ಚೆನ್ನಾಗಿದೆ. ಆದರೆ ಈ ಪ್ರಶ್ನೆಗೆ ಸಿಗ್ಮಾ ಉತ್ತರ ಅಲ್ಲ ಅನ್ನಿಸುತ್ತದೆ. ಲ್ಯಾಬ್ ಸ್ಟಾಕ್‌ನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಕರುಳಿನ ವೈರಸ್‌ಗಳನ್ನು. ನಾನು ಕೆಲಸ ಮಾಡಿದ್ದು ಅವುಗಳ ಮೇಲೆ, ಸದ್ಯ ಊರಿಂದ ದೂರ ಇದ್ದೇನೆ, ಕನ್ನಡದಲ್ಲಿ ಈ ವಿಷಯ ಮಾತಾಡಲು ಸಿಕ್ಕಿದ್ದೇ ಖುಷಿ.

ಮೊದಲನೆಯದು ನೋರಾ ವೈರಸ್. 2006ರಲ್ಲಿ ಸ್ವೀಡನ್ನಿನ ಉಮೆಯೊದಲ್ಲಿ ಸಿಕ್ಕಿದ್ದು. ನೋರಾ ಅಂದರೆ ಅರ್ಮೇನಿಯನ್ ಭಾಷೆಯಲ್ಲಿ ಹೊಸದು. ಕರುಳಿನಲ್ಲಿ ಬೆಳೆಯುತ್ತದೆ, ಹಿಕ್ಕೆಯಲ್ಲಿ ಹೊರಬರುತ್ತದೆ, ಆ ಹಿಕ್ಕೆ ಬಿದ್ದ ಮೇವನ್ನೇ ಇನ್ನೊಂದು ನೊಣ ತಿನ್ನುತ್ತದೆ. ನಿಮ್ಮ ಸೀಸೆಯ ಒಳಗೋಡೆಯ ಮೇಲೆ ಸಣ್ಣ ಕಂದು ಚುಕ್ಕೆ ಇರುತ್ತವಲ್ಲ, ಅದೇ ಇದರ ದಾರಿ. ನೊಣ ಸಾಯುವುದಿಲ್ಲ, ತಿಂಗಳುಗಟ್ಟಲೆ ಹೊತ್ತುಕೊಂಡಿರುತ್ತದೆ. ಪದೇ ಪದೇ ಹೊಸ ಸೀಸೆಗೆ ದಾಟಿಸುತ್ತಿದ್ದರೆ ಕೆಲವು ನೊಣಗಳಲ್ಲಿ ವೈರಸ್ ಇಳಿದೇ ಹೋಗುತ್ತದೆ. ಒಂದೇ ಸೀಸೆಯಲ್ಲಿ ಗಿಜಿಗಿಜಿ ಬಿಟ್ಟರೆ ಏರುತ್ತದೆ. ನಿಮ್ಮ ಎರಡು ಕಪಾಟಿನ ಸೀಸೆಗಳನ್ನು ಬದಲಿಸುವವರು ಬೇರೆ ಬೇರೆಯವರಾ? ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ? ಇದನ್ನು ತಪ್ಪದೆ ವಿಚಾರಿಸಿ.

ಎರಡನೆಯದು ಡ್ರೊಸೊಫಿಲಾ ಸಿ ವೈರಸ್, ಡಿಸಿವಿ ಅನ್ನುತ್ತೇವೆ. ಇದು 1970ರ ದಶಕದ ಶುರುವಿನಿಂದ ಗೊತ್ತು, ಇದೂ ಫ್ರಾನ್ಸಿನದೇ. ಇದರ ಕತೆಯನ್ನು ಸ್ವಲ್ಪ ನಿಂತು ನೋಡಬೇಕು. ಇದನ್ನೇ ಸೂಜಿಯಲ್ಲಿ ಮೈಯೊಳಗೆ ಚುಚ್ಚಿದರೆ ನೊಣ ಕೆಲವೇ ದಿನದಲ್ಲಿ ಸಾಯುತ್ತದೆ. ಸಾಯುವ ಮುಂಚೆ ಹೊಟ್ಟೆ ಉಬ್ಬುತ್ತದೆ. ಒಳಗೆ ಕೊಯ್ದು ನೋಡಿದರೆ ಮೇವು ಕೂಡಿಡುವ ಚೀಲ ತುಂಬಿ ಬಲೂನ್ ಆಗಿರುತ್ತದೆ, ಕೆಳಗೆ ಕರುಳಿಗೆ ಇಳಿಯುವುದೇ ಇಲ್ಲ. ಹೊಟ್ಟೆ ತುಂಬಿದೆ, ಆದರೂ ನೊಣ ಹಸಿದು ಸಾಯುತ್ತಿದೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಂಡಾಗ ನನಗೆ ನಿಜಕ್ಕೂ ಬೇಸರವಾಗಿತ್ತು.

ಅದೇ ವೈರಸ್ ಬಾಯಿಯ ಮೂಲಕ ಹೋದರೆ ಬಹುಪಾಲು ನೊಣ ಬದುಕುತ್ತವೆ. ಹೊರಗಡೆ ಅದು ಹೋಗುವ ದಾರಿಯೂ ಬಾಯಿಯೇ. ಆದ್ದರಿಂದ ಚುಚ್ಚಿ ಅಳೆದ ಸಾವಿನ ಅಂಕಿ ಹಿಡಿದುಕೊಂಡು "ಡಿಸಿವಿ ಇಷ್ಟು ಅಪಾಯಕಾರಿ" ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಬಾಯಿಯ ಮೂಲಕ ಹೋದಾಗ ನಷ್ಟ ಬೇರೆ ರೂಪದಲ್ಲಿ ಬರುತ್ತದೆ. ಸೋಂಕಿನ ಹೆಣ್ಣು ನೊಣ ಮಂಕಾಗುತ್ತದೆ, ಓಡಾಟ ಕಡಿಮೆ, ನಿದ್ದೆ ಜಾಸ್ತಿ. ಕಣ್ಣಿಗೆ ಕಾಣುವುದಿಲ್ಲ, ಚಲನೆ ಅಳೆಯುವ ಯಂತ್ರದಲ್ಲಿ ಇಟ್ಟು ರಾತ್ರಿ ಹಗಲು ಎಣಿಸಿದರೆ ಗೊತ್ತಾಗುತ್ತದೆ.

ಇನ್ನೂ ಸ್ವಾರಸ್ಯ ಇದೆ. ಫ್ರಾನ್ಸಿನ ಕೆಲವು ಹಳೆಯ ಪ್ರಯೋಗಗಳಲ್ಲಿ ಡಿಸಿವಿ ಇದ್ದ ನೊಣಗಳು ಬೇಗ ಬೆಳೆದವು, ಅವುಗಳ ಅಂಡಾಶಯದಲ್ಲಿ ಮೊಟ್ಟೆ ತಯಾರಾಗುವ ನಾಳಗಳೂ ಜಾಸ್ತಿ ಇದ್ದವು! ವೈರಸ್ ಇದ್ದರೆ ಒಳ್ಳೆಯದಾ ಹಾಗಾದರೆ? ನಾನು ಹಾಗೆ ಹೇಳುವುದಿಲ್ಲ. ಕೊಳೆಯುವ ಹಣ್ಣು ನಾಲ್ಕು ದಿನದ ಮನೆ. ಬೇಗ ಬೆಳೆಯುವುದು ಅಲ್ಲಿ ಲಾಭ. ಆದರೆ ದೊಡ್ಡವಾದ ಮೇಲೆ ಆಯಸ್ಸು ಕಡಿಮೆಯಾದರೆ ಆ ಲಾಭ ಅಲ್ಲೇ ಕರಗುತ್ತದೆ. ಫಿಟ್‌ನೆಸ್ ಅಂದರೆ ಒಟ್ಟು ಎಷ್ಟು ಮರಿಗಳು ಮುಂದಿನ ತಲೆಮಾರಿಗೆ ಉಳಿದವು ಅನ್ನುವುದು. ಮೊಟ್ಟೆ ಒಂದು ತುಂಡು ಮಾತ್ರ. ನೀವು ಮೊಟ್ಟೆ ಎಣಿಸುತ್ತಿದ್ದೀರಿ, ಒಳ್ಳೆಯದು. ಅದರಲ್ಲಿ ಎಷ್ಟು ಒಡೆದವು, ಎಷ್ಟು ದಿನಕ್ಕೆ ನೊಣವಾಗಿ ಹೊರಬಂದವು, ಅದನ್ನೂ ಎಣಿಸಿ. ಅರ್ಧ ಲೆಕ್ಕದಲ್ಲಿ ವೈರಸ್ ಮಿತ್ರನಾಗಿಯೂ ಕಾಣಬಹುದು, ಶತ್ರುವಾಗಿಯೂ ಕಾಣಬಹುದು.

"ಕಾಯಿಲೆ ಕಾಣದಿದ್ದರೆ ವೈರಸ್ ಸೌಮ್ಯ" ಅನ್ನುವ ಮಾತನ್ನೂ ಒಪ್ಪಬೇಡಿ. ವೈರಸ್ಸಿನ ಆರ್‌ಎನ್‌ಎ ಕಂಡ ತಕ್ಷಣ ನೊಣದ ಜೀವಕೋಶ ಅದನ್ನು 21 ಅಕ್ಷರದ ಚೂರುಗಳಾಗಿ ಕತ್ತರಿಸುತ್ತದೆ. ಕತ್ತರಿಸುವ ಪ್ರೋಟೀನಿನ ಹೆಸರು ಡೈಸರ್-2. ಆ ಜೀನ್ ಕೆಟ್ಟ ನೊಣಕ್ಕೆ ಅದೇ ವೈರಸ್ ಕೊಟ್ಟರೆ ಬಹಳ ಬೇಗ ಸಾಯುತ್ತದೆ. ಅಂದರೆ ಸೌಮ್ಯವಾಗಿರುವುದು ವೈರಸ್ ಅಲ್ಲ, ನೊಣ ಅದನ್ನು ಪ್ರತಿ ಕ್ಷಣ ಹಿಡಿದಿಟ್ಟಿದೆ.

ತೋಟದಮನೆ

ನಾನು ವಿಜ್ಞಾನದವನಲ್ಲ, ಶ್ರೀನಿವಾಸಪುರ ಕಡೆ ಮಾವಿನ ತೋಟ ಇದೆ. ಹಣ್ಣುನೊಣ ಅಂತ ನೋಡಿ ಒಳಗೆ ಬಂದೆ. ನಮ್ಮಲ್ಲಿ ಹಣ್ಣಿನ ಒಳಗೆ ಹುಳ ಬೀಳಿಸುತ್ತದಲ್ಲ, ಅದಕ್ಕೆ ಈ ವೈರಸ್ ಹಾಕಿ ಮೊಟ್ಟೆ ಕಡಿಮೆ ಮಾಡಬಹುದಾ? ಬಲೆ ಕಟ್ಟಿ ಕಟ್ಟಿ ಸಾಕಾಗಿದೆ.

ಹಳೇ_ಸೀಸೆ

ತೋಟದಮನೆ ಅವರೇ, ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಅದೇ ಗೊಂದಲ. ನಿಮ್ಮ ಮಾವಿಗೆ ಬರುವುದು ಬ್ಯಾಕ್ಟ್ರೊಸೆರಾ. ಮನೆನೊಣದಷ್ಟು ದೊಡ್ಡದು, ಗಟ್ಟಿ ಹಣ್ಣಿಗೇ ಚುಚ್ಚಿ ಮೊಟ್ಟೆ ಇಡುತ್ತದೆ. ನಾವು ಮಾತಾಡುತ್ತಿರುವುದು ಆಗಲೇ ಕೊಳೆತ ಹಣ್ಣಿಗೆ ಬರುವ ಸಣ್ಣ ನೊಣ, ಬೆಳೆಗೆ ತೊಂದರೆ ಇಲ್ಲ. ಕುಟುಂಬವೇ ಬೇರೆ. ವೈರಸ್ ಬಳಸಿ ಕೀಟ ಹಿಡಿಯುವುದು ಹೊಸದಲ್ಲ, ತೊಗರಿ ಕಡಲೆಯ ಕಾಯಿಕೊರಕಕ್ಕೆ ಎನ್‌ಪಿವಿ ಸಿಂಪಡಿಸುತ್ತಾರೆ. ಅದು ಹುಳವನ್ನು ಕೊಲ್ಲುವ ವೈರಸ್. ಇಲ್ಲಿ ಹೇಳುತ್ತಿರುವ ವೈರಸ್‌ಗಳು ಕೊಲ್ಲದೆ ಜೊತೆಗೇ ಇರುವಂಥವು, ಸಿಂಪಡಿಸಿದರೂ ಈ ಹಂಗಾಮಿನಲ್ಲಿ ನಿಮ್ಮ ಹಣ್ಣು ಉಳಿಯುವುದಿಲ್ಲ. ಸದ್ಯಕ್ಕೆ ಮೀಥೈಲ್ ಯೂಜಿನಾಲ್ ಬಲೆ ಬಿಡಬೇಡಿ, ಉದುರಿದ ಹಣ್ಣು ದಿನಾ ಆರಿಸಿ ಆಳಕ್ಕೆ ಹೂಳಿ.

ಮೊಟ್ಟೆ_ಎಣಿಕೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾವು ಮಂಪರು ಬರಿಸಲು ಈಥರ್ ಬಳಸುತ್ತೇವೆ, ಕಾರ್ಬನ್ ಡೈಆಕ್ಸೈಡ್ ಅಲ್ಲ. ಹಾಗಾಗಿ ಸಿಗ್ಮಾ ಇದ್ದರೂ ನಮಗೆ ಇಷ್ಟು ದಿನ ಗೊತ್ತಾಗುತ್ತಿರಲಿಲ್ಲ ಅನ್ನಿಸುತ್ತದೆ. ಪಕ್ಕದ ವಿಭಾಗದಿಂದ ಸಿಲಿಂಡರ್ ಕೇಳಿ ನಿನ್ನೆ ಪರೀಕ್ಷೆ ಮಾಡಿದೆ. ಎರಡೂ ಲೈನ್ ಎದ್ದವು, ಒಂದೂ ಸಾಯಲಿಲ್ಲ.

ಸೀಸೆ ಬದಲಿಸುವ ವಿಷಯ ಕೇಳಿದ್ದು ಸರಿಯಾಗಿ ತಗುಲಿತು. ಮೊದಲ ಲೈನನ್ನು ವಾರಕ್ಕೊಮ್ಮೆ ಬದಲಿಸಿದ್ದಾರೆ. ಎರಡನೆಯದು ಹಿಂದಿನ ಕಪಾಟಿನಲ್ಲಿ ಇತ್ತು, ರಜೆಯಲ್ಲಿ ತಿಂಗಳುಗಟ್ಟಲೆ ಯಾರೂ ಮುಟ್ಟಿಲ್ಲ. ರಿಜಿಸ್ಟರ್‌ನಲ್ಲಿ ಆ ಸಾಲುಗಳು ಖಾಲಿ ಇವೆ.

ಇದು ಒಳಸಂತಾನದ (ಹತ್ತಿರದ ಸಂಬಂಧಿಗಳೇ ಕೂಡಿದ್ದರ) ದೋಷ ಅಲ್ಲ, ವೈರಸ್ಸೇ ಅಂತ ಹೇಗೆ ತೋರಿಸುವುದು? ಗೈಡ್ ಅದನ್ನೇ ಕೇಳುತ್ತಾರೆ.

ಕರುಳಿನ_ಕಡೆಯಿಂದ

ಒಳ್ಳೆಯ ಗೈಡ್. ಆ ಅನುಮಾನ ಸರಿಯಾದದ್ದೇ, ಯಾರೂ ಮುಟ್ಟದ ಸೀಸೆಯಲ್ಲಿ ಕೆಲವೇ ನೊಣ ಉಳಿದು ಒಳಸಂತಾನವೂ ಆಗಿರಬಹುದು.

ಮೊದಲು ಪಿಸಿಆರ್, ಅಂದರೆ ವೈರಸ್ಸಿನ ಜೀನ್ ಇದೆಯಾ ಎಂದು ಹುಡುಕುವ ಪರೀಕ್ಷೆ. ನೋರಾ, ಡಿಸಿವಿ ಎರಡಕ್ಕೂ ಪ್ರೈಮರ್ (ಆ ಜೀನನ್ನು ಗುರುತು ಹಿಡಿಯುವ ಡಿಎನ್‌ಎ ತುಣುಕು) ಸಿಗುತ್ತದೆ. ಎರಡೂ ಲೈನ್ ನೋಡಿ. ಮೊದಲ ಲೈನ್ ಶುದ್ಧ ಎಂದು ಸುಮ್ನೆ ನಂಬಬೇಡಿ. 2015ರಲ್ಲಿ ಎಡಿನ್‌ಬರಾ ತಂಡ ಬೇರೆ ಬೇರೆ ದೇಶಗಳ ಹೊರಗಿನ ನೊಣ ಹಿಡಿದು ನೋಡಿದಾಗ ನೂರಕ್ಕೆ 30ಕ್ಕಿಂತ ಜಾಸ್ತಿ ನೊಣಗಳಲ್ಲಿ ಒಂದಾದರೂ ವೈರಸ್ ಇತ್ತು. ಅದುವರೆಗೆ ಹೆಸರೇ ಇಲ್ಲದ ಇಪ್ಪತ್ತಕ್ಕೂ ಹೆಚ್ಚು ವೈರಸ್ ಅದೊಂದೇ ಕೆಲಸದಲ್ಲಿ ಸಿಕ್ಕವು. ಅದರಲ್ಲಿ ಒಂದು ಕಲ್ಲಿಥಿಯಾ, ಡಿಎನ್‌ಎ ವೈರಸ್. ಆಮೇಲೆ ಅದನ್ನು ಬೇರ್ಪಡಿಸಿ ನೋಡಿದರೆ ಗಂಡು ಬೇಗ ಸಾಯುತ್ತದೆ, ಹೆಣ್ಣು ಬದುಕುತ್ತದೆ ಆದರೆ ಮೊಟ್ಟೆ ಕಡಿಮೆ ಇಡುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕಾ? ಬದುಕಿರುವುದು ಬೇರೆ, ಮೊಟ್ಟೆ ಇಡುವುದು ಬೇರೆ.

ಆಮೇಲೆ ಬ್ಲೀಚ್. ಮೊಟ್ಟೆಗಳನ್ನು ಸಣ್ಣ ಜಾಲರಿಯಲ್ಲಿ ಹಿಡಿದು, ಅರ್ಧಕ್ಕರ್ಧ ನೀರು ಬೆರೆಸಿದ ಬ್ಲೀಚ್‌ನಲ್ಲಿ ಎರಡು ಮೂರು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಹೊಸ ಮೇವಿಗೆ ಇಡಿ. ನೋರಾ, ಡಿಸಿವಿ ಮೊಟ್ಟೆಯ ಹೊರಸಿಪ್ಪೆಗೆ ಅಂಟಿ ಬರುವಂಥವು, ತೊಳೆದು ಹೋಗುತ್ತವೆ. ನೊಣದ ಜೀನ್ ಹಾಗೇ ಇರುತ್ತದೆ. ತೊಳೆದ ಮೇಲೆ ಮೊಟ್ಟೆ ಸಂಖ್ಯೆ ಏರಿದರೆ ಒಳಸಂತಾನ ಕಾರಣ ಅಲ್ಲ. ಆದರೆ ಒಂದು ಎಚ್ಚರ, ಇಲ್ಲಿ ತುಂಬಾ ಜನ ಎಡವುತ್ತಾರೆ: ಬ್ಲೀಚ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕಳೆಯುತ್ತದೆ, ಅವು ಇಲ್ಲದೆ ಹುಳ ನಿಧಾನವಾಗಿ ಬೆಳೆಯುತ್ತದೆ. ಎರಡೂ ಲೈನಿಗೆ ಬ್ಲೀಚ್ ಮಾಡಿ, ಎರಡು ಮೂರು ತಲೆಮಾರು ಬಿಟ್ಟು ಆಮೇಲೆ ಎಣಿಸಿ.

ಕೊನೆಗೆ ಉಲ್ಟಾ ದಾರಿ. ಎರಡನೇ ಲೈನಿನ ನೊಣಗಳನ್ನು ಅರೆದು, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ವೈರಸ್ ಕೆಳಗೆ ಇಳಿಯುತ್ತದೆ. ಆ ರಸವನ್ನು ಶುದ್ಧ ನೊಣದ ಮೇವಿಗೆ ಹಾಕಿ. ಅವುಗಳ ಮೊಟ್ಟೆಯೂ ಇಳಿದರೆ ಗೈಡ್ ಇನ್ನೊಂದು ಪ್ರಶ್ನೆ ಕೇಳಲಿಕ್ಕಿಲ್ಲ.

ಹಳೇ_ಸೀಸೆ

ಒಂದು ಬಿಟ್ಟುಹೋಯಿತು. ವೋಲ್ಬಾಕಿಯಾ ಪರೀಕ್ಷೆಯೂ ಮಾಡಿಸಿ. ಅದು ವೈರಸ್ ಅಲ್ಲ, ಜೀವಕೋಶದ ಒಳಗೇ ಇರುವ ಬ್ಯಾಕ್ಟೀರಿಯಾ, ತಾಯಿಯಿಂದ ಮೊಟ್ಟೆಯೊಳಗೆ ಬರುತ್ತದೆ. ಬ್ಲೀಚ್‌ಗೆ ಹೋಗುವುದಿಲ್ಲ. 2008ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು, ವೋಲ್ಬಾಕಿಯಾ ಇದ್ದ ನೊಣ ಡಿಸಿವಿಯಂಥ ಆರ್‌ಎನ್‌ಎ ವೈರಸ್‌ಗಳನ್ನು ಹೆಚ್ಚು ದಿನ ತಡೆದುಕೊಳ್ಳುತ್ತದೆ. ಒಂದು ಲೈನಿನಲ್ಲಿ ಅದು ಇದ್ದು ಇನ್ನೊಂದರಲ್ಲಿ ಕಳೆದುಹೋಗಿದ್ದರೆ ನಿಮ್ಮ ಇಡೀ ಹೋಲಿಕೆ ಬೇರೆ ಅರ್ಥ ಕೊಡುತ್ತದೆ.

ಹಣ್ಣುನೊಣದ ಇದೇ ವೋಲ್ಬಾಕಿಯಾವನ್ನೇ ಸೊಳ್ಳೆಗೆ ದಾಟಿಸಿ ಡೆಂಗಿ ತಡೆಯುತ್ತಿದ್ದಾರೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಡೆಂಗಿ ಶೇ. 77ರಷ್ಟು ಇಳಿದದ್ದು 2021ರಲ್ಲಿ ಪ್ರಕಟವಾಯಿತು. ನಮ್ಮ ಪುದುಚೇರಿಯ ಐಸಿಎಂಆರ್ ಸಂಸ್ಥೆಯಲ್ಲೂ ಅಂಥ ಸೊಳ್ಳೆ ತಯಾರಾಗಿದೆ. ನೊಣದ ವೈರಸ್ ಯಾರಿಗೆ ಬೇಕು ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಿ.

ಮೊಟ್ಟೆ_ಎಣಿಕೆ

ಗೈಡ್ ಒಪ್ಪಿದರು. ಪಿಸಿಆರ್‌ಗೆ ಸ್ಯಾಂಪಲ್ ಕಳಿಸಿದ್ದೇವೆ, ವೋಲ್ಬಾಕಿಯಾ ಕೂಡ ಸೇರಿಸಿ. ನಾಳೆ ಬ್ಲೀಚ್. ಒಂದೇ ಭಯ, ಜಾಸ್ತಿ ಹೊತ್ತು ಇಟ್ಟು ಮೊಟ್ಟೆ ಕೊಂದುಬಿಟ್ಟರೆ? ಹೊರಸಿಪ್ಪೆ ಹೋಯಿತು ಅಂತ ಹೇಗೆ ಗೊತ್ತಾಗುತ್ತದೆ?

ಕರುಳಿನ_ಕಡೆಯಿಂದ

ಗಡಿಯಾರ ನೋಡಬೇಡಿ, ಸೂಕ್ಷ್ಮದರ್ಶಕದ ಕೆಳಗೆ ಮೊಟ್ಟೆಯನ್ನೇ ನೋಡುತ್ತಿರಿ. ನೀವೇ ಮೊದಲು ಬರೆದಿದ್ದಿರಲ್ಲ, ಮೀಸೆಯಂತೆ ಎರಡು ಎಳೆ ಅಂತ. ಅವು ಹೊರಸಿಪ್ಪೆಯ ಭಾಗವೇ. ಕರಗುತ್ತಾ ಕರಗುತ್ತಾ ಮಾಯವಾಗುತ್ತವೆ, ಮೊಟ್ಟೆ ನುಣುಪಾಗಿ ಹೊಳೆಯುತ್ತದೆ. ಎಳೆ ಹೋದ ಕೂಡಲೇ ತೆಗೆದು ನೀರಿಗೆ ಹಾಕಿ.